ಇಂಗ್ಲಿಷ್ ನುಡಿಗಟ್ಟುಗಳಲ್ಲಿ ಪೂರ್ವಸರ್ಗದ ಆಯ್ಕೆ: ವ್ಯುತ್ಪತ್ತಿ, ಬಳಕೆ ಮತ್ತು ಪ್ರಮಾಣದ ಚರಿತ್ರೆ

1679ರಲ್ಲಿ ಜಾನ್ ಡ್ರೈಡನ್ ತನ್ನ 'ಟ್ರಾಯ್ಲಸ್ ಅಂಡ್ ಕ್ರೆಸಿಡಾ' ನಾಟಕವನ್ನು ಪ್ರಕಟಿಸಿದಾಗ ಅದರ ಅರ್ಪಣಾಪತ್ರದಲ್ಲಿ ಒಂದು ಸಂಕಟವನ್ನು ತೋಡಿಕೊಂಡ. ತಾನು ಬರೆದದ್ದು ನಿಜವಾಗಿ ಇಂಗ್ಲಿಷಿನ ಜಾಯಮಾನಕ್ಕೆ ಸೇರಿದ ಮಾತೋ, ಅಥವಾ ಇಂಗ್ಲಿಷ್‌ತನವೆಂಬ ಚೆಂದದ ಹೆಸರಿನ ಮರೆಯಲ್ಲಿ ಅಡಗಿದ ವ್ಯಾಕರಣದೋಷವೋ ಎಂಬ ಸಂದೇಹ ಮೂಡಿದಾಗ, ಆ ವಾಕ್ಯವನ್ನು ಲ್ಯಾಟಿನ್ನಿಗೆ ಅನುವಾದಿಸಿ ನೋಡುವುದರ ಹೊರತು ತನಗೆ ಬೇರೆ ದಾರಿಯಿಲ್ಲ ಎಂಬುದು ಅವನ ಮಾತಿನ ಸಾರ. ಆಗ ಅವನು ಇಂಗ್ಲೆಂಡಿನ ಆಸ್ಥಾನಕವಿ. ಅವನಿಗಿಂತ ಹೆಚ್ಚು ಇಂಗ್ಲಿಷ್ ಬಲ್ಲವರು ಆ ದೇಶದಲ್ಲಿ ವಿರಳ. ಅಂಥವನೂ ತನ್ನ ತಾಯ್ನುಡಿಯ ಸರಿ-ತಪ್ಪುಗಳನ್ನು ತೂಗಲು ಸತ್ತ ಭಾಷೆಯೊಂದರ ತಕ್ಕಡಿಯನ್ನು ಹುಡುಕಿದ.

ಡ್ರೈಡನ್ನನ ಈ ಮಾತು ಸಾಮಾನ್ಯವಾಗಿ ಉಲ್ಲೇಖಗೊಳ್ಳುವುದು ವಾಕ್ಯದ ಕೊನೆಯಲ್ಲಿ ಪೂರ್ವಸರ್ಗ ಬರಕೂಡದೆಂಬ ನಿಷೇಧದ ಚರಿತ್ರೆಯಲ್ಲಿ. 1672ರಲ್ಲಿ ಅವನು ಬೆನ್ ಜಾನ್ಸನ್ನನಲ್ಲಿ ಆ ದೋಷವನ್ನು ಹೆಕ್ಕಿ ತೋರಿಸಿದ. 1684ರಲ್ಲಿ ತನ್ನದೇ ನಾಟಕಕಾವ್ಯದ ಪ್ರಬಂಧವನ್ನು ಮರುಮುದ್ರಿಸುವಾಗ ಅಂತಹ ವಾಕ್ಯಗಳನ್ನು ತಿದ್ದಿದ. ಆದರೆ ಅದು ಪೂರ್ವಸರ್ಗದ ಸ್ಥಾನದ ಪ್ರಶ್ನೆ. ನಾವು ಇಲ್ಲಿ ಪರಿಶೀಲಿಸಹೊರಟಿರುವುದು ಅದರ ಆಯ್ಕೆಯ ಪ್ರಶ್ನೆಯನ್ನು: ಒಂದು ವಿಶೇಷಣದ ಅಥವಾ ಕ್ರಿಯಾಪದದ ಪಕ್ಕದಲ್ಲಿ 'ಫ್ರಮ್' ಬರಬೇಕೋ 'ಟು' ಬರಬೇಕೋ ಎಂಬುದನ್ನು ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸಿದರು? ಇಂಗ್ಲಿಷ್ ನುಡಿಗಟ್ಟುಗಳಲ್ಲಿ ಪೂರ್ವಸರ್ಗದ 'ಸರಿತನ' ಯಾವ ನಿಯಮದಿಂದಲೂ ನಿಷ್ಪನ್ನವಾಗುವುದಿಲ್ಲ, ಅದು ಬಳಕೆಯಲ್ಲಿ ದಾಖಲಾಗುತ್ತದೆ ಅಷ್ಟೆ ಎಂಬುದು ನಮ್ಮ ವಾದ. ನಿಯಮವೆಂದು ಹೇಳಲಾಗಿರುವುದರಲ್ಲಿ ಬಹುಪಾಲು ಬಳಕೆ ನೆಲೆಗೊಂಡ ಮೇಲೆ, ಕೆಲವೊಮ್ಮೆ ಅದಕ್ಕೆ ವಿರುದ್ಧವಾಗಿಯೇ, ಕಟ್ಟಿದ ಸಮರ್ಥನೆ.

ಪರಿಭಾಷೆಯ ವಿಷಯದಲ್ಲಿ ಒಂದು ಮಾತು. ಕನ್ನಡದಲ್ಲಿ ಇಂಗ್ಲಿಷ್ ವ್ಯಾಕರಣ ಬರೆದವರು ಈ ಪದವರ್ಗಕ್ಕೆ 'ಉಪಸರ್ಗ' ಎಂದೂ ಹೇಳಿದ್ದುಂಟು. ಸಂಸ್ಕೃತದ ಉಪಸರ್ಗವಾದರೋ ಧಾತುವಿಗೆ ಅಂಟಿಕೊಂಡು ಬರುವಂಥದು. ಆದ್ದರಿಂದ ನಾವು 'ಪೂರ್ವಸರ್ಗ' ಎಂಬ ಪದವನ್ನೇ ಬಳಸಿದ್ದೇವೆ. ಈ ಗೊಂದಲ ನಮ್ಮದು ಮಾತ್ರವಲ್ಲ. ಲ್ಯಾಟಿನ್ ವೈಯಾಕರಣರು ನಾಮಪದದ ಹಿಂದೆ ಬಿಡಿಯಾಗಿ ನಿಲ್ಲುವ 'ಅಬ್' ಎಂಬುದನ್ನೂ ಕ್ರಿಯಾಪದಕ್ಕೆ ಅಂಟಿಕೊಳ್ಳುವ 'ಅಬ್' ಎಂಬುದನ್ನೂ ಒಂದೇ ಹೆಸರಿನಿಂದ ಕರೆದರು. ಪದದೊಳಗಿನ 'ಅಬ್' ಪದದ ಹೊರಗೂ ತನ್ನ ಅರ್ಥವನ್ನೇ ಬೇಡುತ್ತದೆ ಎಂಬ ಊಹೆಗೆ ಈ ಏಕನಾಮವೇ ದಾರಿ ಮಾಡಿಕೊಟ್ಟಿತು. 18ನೆಯ ಶತಮಾನದ ಇಂಗ್ಲಿಷ್ ವ್ಯಾಕರಣಗಳಲ್ಲಿ ಈ ಊಹೆ ನಿಯಮದ ವೇಷ ತೊಟ್ಟಿತು.

ಅದಕ್ಕೆ ಮುನ್ನ ಆ ನಿಯಮ ಯಾವ ನೆಲದ ಮೇಲೆ ಬಂದು ಕುಳಿತಿತು ಎಂಬುದನ್ನು ನೋಡಬೇಕು. ಹಳೆಯ ಇಂಗ್ಲಿಷಿನಲ್ಲಿ ವಿಭಕ್ತಿಗಳಿದ್ದವು. ಬೇಡುವ, ಬಯಸುವ, ಸಂತೋಷಪಡುವ, ಬೆರಗಾಗುವ ಅರ್ಥದ ಅನೇಕ ಕ್ರಿಯಾಪದಗಳು ಷಷ್ಠಿಯನ್ನು ಅಪೇಕ್ಷಿಸುತ್ತಿದ್ದವು. ವಿಭಕ್ತಿ ಪ್ರತ್ಯಯಗಳು ಸವೆದುಹೋದಾಗ ಆ ಹೊಣೆಯನ್ನು ಪೂರ್ವಸರ್ಗಗಳು ಹೊತ್ತವು; ಆದರೆ ಎಲ್ಲ ಕ್ರಿಯಾಪದಗಳ ಹೊಣೆಯನ್ನು ಒಂದೇ ಪೂರ್ವಸರ್ಗ ಹೊರಲಿಲ್ಲ. ಬೆರಗಿನ ಕ್ರಿಯಾಪದ 'ಅಟ್' ಹಿಡಿಯಿತು, ಬಯಕೆಯ ಕ್ರಿಯಾಪದಗಳಲ್ಲಿ ಹಲವು 'ಫಾರ್' ಹಿಡಿದವು. ಅಷ್ಟರಲ್ಲಿ ಪೂರ್ವಸರ್ಗಗಳ ಅರ್ಥಗಳೇ ಪಲ್ಲಟಗೊಳ್ಳುತ್ತಿದ್ದವು. ಇಂದು 'ಜೊತೆ' ಎಂಬ ಅರ್ಥದ 'ವಿತ್' ಮೂಲದಲ್ಲಿ 'ವಿರುದ್ಧ' ಎಂಬ ಅರ್ಥದ್ದು. ಆ ಹಳೆಯ ಅರ್ಥ 'ವಿತ್‌ಸ್ಟಾಂಡ್' ಎಂಬಲ್ಲಿ ಉಳಿದಿದೆ. ಆಗ 'ಜೊತೆ' ಎನ್ನಲು ಇದ್ದ 'ಮಿಡ್' ಎಂಬ ಶಬ್ದ 'ಮಿಡ್‌ವೈಫ್' ಎಂಬ ಸಮಾಸದಲ್ಲಿ ಮಾತ್ರ ಅವಶೇಷವಾಗಿ ನಿಂತಿದೆ. ಹೀಗಾಗಿಯೇ 'ಫೈಟ್ ವಿತ್' ಎಂದರೆ ಎದುರಾಳಿಯೊಡನೆ ಕಾದಾಡುವುದೂ ಹೌದು, ಮಿತ್ರನ ಪಕ್ಕದಲ್ಲಿ ನಿಂತು ಕಾದಾಡುವುದೂ ಹೌದು. ಒಂದು ಎಫ್‌ನ 'ಆಫ್' ಮತ್ತು ಎರಡು ಎಫ್‌ನ 'ಆಫ್' ಮೂಲತಃ ಒಂದೇ ಪದ, 'ಅಲ್ಲಿಂದ ದೂರ' ಎಂಬ ಅರ್ಥದ್ದು; ಒತ್ತು ಬಿದ್ದದ್ದು ಒಂದು, ಬೀಳದ್ದು ಇನ್ನೊಂದು. ಕನ್ನಡ ಲಿಪಿಯಲ್ಲಿ ಎರಡನ್ನೂ ಒಂದೇ ರೀತಿ ಬರೆಯುವ ನಮ್ಮ ರೂಢಿ ತನಗರಿವಿಲ್ಲದೆ ಇತಿಹಾಸಕ್ಕೆ ನಿಷ್ಠವಾಗಿದೆ.

ಇಂತಹ ಪದರಪದರವಾದ ನೆಲದಲ್ಲಿ ತರ್ಕವನ್ನು ಅರಸುವುದು ಕಷ್ಟ. ಆದರೂ ಅರಸಿದರು. ಅದರ ಅತ್ಯಂತ ಶುದ್ಧ ಉದಾಹರಣೆ 'ಅವರ್ಸ್' ಎಂಬ ವಿಶೇಷಣ. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ 'ಮುಖ ತಿರುಗಿಸಿಕೊಂಡ'. ಮೊದಲಲ್ಲಿರುವ 'ಅ' ಎಂಬುದು 'ಅಬ್' ಎಂಬುದರ ರೂಪವೇ. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಈ ಪದಕ್ಕೆ 'ಫ್ರಮ್' ಅತ್ಯಂತ ಯೋಗ್ಯವೆಂದೂ, 'ಟು' ಬಹಳ ರೂಢಿಯಲ್ಲಿದ್ದರೂ ಅಯೋಗ್ಯವೆಂದೂ ದಾಖಲಿಸಿದ. ಏಳು ವರ್ಷಗಳ ಬಳಿಕ, 1762ರಲ್ಲಿ, ರಾಬರ್ಟ್ ಲೌತ್ ತನ್ನ ಇಂಗ್ಲಿಷ್ ವ್ಯಾಕರಣ ಪ್ರವೇಶಿಕೆಯಲ್ಲಿ ಅದೇ ನಿಲುವನ್ನು ಕಾರಣಸಹಿತ ಮುಂದಿಟ್ಟ: 'ಅವರ್ಶನ್' ಎಂದರೆ ತಿರುಗಿಕೊಳ್ಳುವುದು, ತಿರುಗಿಕೊಳ್ಳುವುದು ಒಂದರಿಂದ, ಆದ್ದರಿಂದ 'ಫ್ರಮ್' ಬೇಕೆಂದು ತೋರುತ್ತದೆ, ಜನ ಬಳಸುವ 'ಟು' ಮತ್ತು 'ಫಾರ್' ಅಷ್ಟು ಸಮರ್ಪಕವಲ್ಲ.

ಲೌತ್‌ನಿಗೆ ಅನ್ಯಾಯವಾಗದಂತೆ ಈ ಮಾತನ್ನು ಓದಬೇಕು. 'ಬೇಕೆಂದು ತೋರುತ್ತದೆ' ಎಂಬ ಅವನ ಸಂಕೋಚ ನಂತರದವರ ಕೈಯಲ್ಲಿ ಮಾಯವಾಯಿತು. ಇನ್‌ಗ್ರಿಡ್ ಟೀಕನ್-ಬೋನ್ ಫಾನ್ ಓಸ್ಟಾಡ ಅವರು 2011ರ ತಮ್ಮ ಗ್ರಂಥದಲ್ಲಿ ಲೌತ್‌ನ ಖಾಸಗಿ ಪತ್ರಗಳನ್ನು ಪರಿಶೀಲಿಸಿ, ವ್ಯಾಕರಣದಲ್ಲಿ ಅವನು ತಿದ್ದಿದ ಪ್ರಯೋಗಗಳು ಅವನ ಪತ್ರಗಳಲ್ಲಿಯೇ ಇರುವುದನ್ನು ತೋರಿಸಿದ್ದಾರೆ. ನಮಗೆ ಹೆಚ್ಚು ಅಚ್ಚರಿಯಾಗುವುದು ಇನ್ನೊಂದು ಸಂಗತಿ. 1753ರಲ್ಲಿ ಹೀಬ್ರೂ ಕಾವ್ಯದ ಕುರಿತ ತನ್ನ ಉಪನ್ಯಾಸಗಳನ್ನು ಪ್ರಕಟಿಸಿದವನು ಇದೇ ಲೌತ್. ಹೀಬ್ರೂ ಕಾವ್ಯವು ಸಾಲುಗಳ ಸಮಾಂತರತೆಯೆಂಬ ತನ್ನದೇ ತತ್ವದ ಮೇಲೆ ನಿಂತಿದೆ ಎಂಬುದನ್ನು ಯುರೋಪಿಗೆ ಮನಗಾಣಿಸಿದವನು ಅವನು. ಪರರ ಕಾವ್ಯಕ್ಕೆ ಅದರದೇ ಅಳತೆಗೋಲನ್ನು ಹುಡುಕಿಕೊಟ್ಟ ವಿದ್ವಾಂಸ ತನ್ನ ತಾಯ್ನುಡಿಯ ಒಂದು ಪುಟ್ಟ ಪದವನ್ನು ರೋಮಿನ ಅಳತೆಗೋಲಿನಿಂದ ಅಳೆದ.

ಬಳಕೆ ಅವನ ಮಾತನ್ನು ಕೇಳಲಿಲ್ಲ. 'ಹಾಸ್ಟೈಲ್', 'ಅಪೋಸ್ಡ್', 'ಕಾಂಟ್ರರಿ', 'ಇನ್‌ಕ್ಲೈನ್ಡ್' ಮೊದಲಾದ, ಮನಸ್ಸಿನ ಒಲವು ಅಥವಾ ವಿರೋಧವನ್ನು ಹೇಳುವ ಪದಗಳೆಲ್ಲ 'ಟು' ಹಿಡಿದಿದ್ದವು. 'ಅವರ್ಸ್' ಕೂಡ ಆ ಬಳಗಕ್ಕೆ ಸೇರಿಕೊಂಡಿತು. ಮೂಲದಲ್ಲಿ ಅದು ದೇಹದ ಚಲನೆಯ ಪದವಾಗಿದ್ದಿರಬಹುದು. ಇಂಗ್ಲಿಷಿನಲ್ಲಿ ಅದು ಮನೋಭಾವದ ಪದ. 1926ರ ಹೊತ್ತಿಗೆ ಹೆನ್ರಿ ಫೌಲರ್ ತನ್ನ ಬಳಕೆಯ ಕೋಶದಲ್ಲಿ, ಇಲ್ಲಿ 'ಫ್ರಮ್' ಬೇಕೆಂದು ಹಟ ಹಿಡಿಯುವುದು ಅರೆಬರೆ ಕಲಿಕೆಯಿಂದ ಹುಟ್ಟಿದ ಪಂಡಿತಮ್ಮನ್ಯತೆ ಎಂದು ತಳ್ಳಿಹಾಕಿದ. ಇಂದು 'ಅವರ್ಸ್ ಫ್ರಮ್' ಎಂದು ಬರೆದ ವಿದ್ಯಾರ್ಥಿಯನ್ನೇ ನಾವು ತಿದ್ದುತ್ತೇವೆ.

ಇಷ್ಟಕ್ಕೇ ಕಥೆ ಮುಗಿದಿದ್ದರೆ, ವ್ಯುತ್ಪತ್ತಿಯ ನಿಯಮ ಸೋತಿತು, ಬಳಕೆ ಗೆದ್ದಿತು ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ 'ಡಿಫರೆಂಟ್' ಎಂಬ ಪದದ ವಿಷಯದಲ್ಲಿ ಅದೇ ನಿಯಮ ಇಂದಿಗೂ ಜೀವಂತವಾಗಿದೆ. 'ಡಿಸ್' ಎಂಬುದು ಬೇರ್ಪಡುವಿಕೆಯನ್ನು ಸೂಚಿಸುತ್ತದೆ, ಬೇರ್ಪಡುವುದು ಒಂದರಿಂದ, ಆದ್ದರಿಂದ 'ಡಿಫರೆಂಟ್ ಫ್ರಮ್' ಮಾತ್ರ ಸರಿ ಎಂಬುದು ನಮ್ಮ ವಿಶ್ವವಿದ್ಯಾಲಯಗಳ ತರಗತಿಗಳಲ್ಲಿ ಈಗಲೂ ಕೇಳಿಬರುವ ಮಾತು. ಹಾಗಾದರೆ 'ಡಿಸ್ಸಿಮಿಲರ್ ಟು' ಮತ್ತು 'ಡಿಸಗ್ರೀ ವಿತ್' ಹೇಗೆ ಸರಿಯಾದವು? ಅವುಗಳಲ್ಲಿಯೂ ಇರುವುದು ಅದೇ 'ಡಿಸ್'. 'ಡಿಫರ್ ಟು' ಎಂದು ಯಾರೂ ಹೇಳುವುದಿಲ್ಲವಾದ್ದರಿಂದ 'ಡಿಫರೆಂಟ್ ಟು' ತಪ್ಪು ಎಂಬ ವಾದವೂ ನಿಲ್ಲದು; 'ಅಕಾರ್ಡ್ ವಿತ್' ಎನ್ನುವವರೇ 'ಅಕಾರ್ಡಿಂಗ್ ಟು' ಎನ್ನುತ್ತಾರೆ. ಒಂದೇ ಧಾತುವಿನ ಮಕ್ಕಳೆಲ್ಲ ಒಂದೇ ಮನೆಗೆ ಹೋಗಬೇಕೆಂಬ ಕಟ್ಟಳೆ ಇಂಗ್ಲಿಷಿನಲ್ಲಿ ಎಂದೂ ಇರಲಿಲ್ಲ.

ದಾಖಲೆಗಳನ್ನು ನೋಡಿದರೆ ಮೂರು ರೂಪಗಳೂ ಹಳೆಯವೇ. ಷೇಕ್ಸ್‌ಪಿಯರ್ 'ದಿ ಕಾಮಿಡಿ ಆಫ್ ಎರರ್ಸ್' ನಾಟಕದಲ್ಲಿ 'ಫ್ರಮ್' ಬಳಸಿದ್ದಾನೆ. 'ಟು' 16ನೆಯ ಶತಮಾನದಲ್ಲಿಯೂ 'ದ್ಯಾನ್' 17ನೆಯ ಶತಮಾನದಲ್ಲಿಯೂ ದೊರೆಯುತ್ತವೆ. ಬಹುಕಾಲ ಯಾರೂ ಇವುಗಳ ಬಗ್ಗೆ ತಕರಾರು ಎತ್ತಿದಂತೆ ಕಾಣುವುದಿಲ್ಲ. 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ಇಂಗ್ಲಿಷ್ ಭಾಷೆಯ ಕುರಿತು ತನ್ನ ಚಿಂತನೆಗಳನ್ನು ಪ್ರಕಟಿಸಿ, 'ದ್ಯಾನ್' ಇಂಗ್ಲಿಷೇ ಅಲ್ಲವೆಂದೂ, 'ಟು' ಮತ್ತು 'ಫ್ರಮ್' ಎರಡೂ ಬಳಕೆಯಲ್ಲಿವೆಯೆಂದೂ, ಅವುಗಳಲ್ಲಿ 'ಫ್ರಮ್' ಹೆಚ್ಚು ಅರ್ಥಪೂರ್ಣವೆಂದು ತನಗೆ ತೋರುತ್ತದೆಂದೂ ಬರೆದ. ಎಣಿಸಬಲ್ಲ ವಸ್ತುಗಳಿಗೆ 'ಲೆಸ್' ಬದಲು 'ಫ್ಯೂವರ್' ಬರಬೇಕೆಂಬ ಇಂದಿನ ಕಟ್ಟಳೆಯ ಮೂಲವೂ ಇದೇ ಬೇಕರನ ವೈಯಕ್ತಿಕ ಇಷ್ಟದಲ್ಲಿದೆ. ಒಬ್ಬನ ಇಷ್ಟ ಇನ್ನೊಬ್ಬನ ನಿಯಮವಾಗಲು ಎರಡು ತಲೆಮಾರು ಸಾಕು.

1897ರಲ್ಲಿ ಸಂಪುಟರೂಪದಲ್ಲಿ ಬಂದ ಆಕ್ಸ್‌ಫರ್ಡ್ ನಿಘಂಟಿನ 'ಡಿ' ಅಕ್ಷರದ ಭಾಗದಲ್ಲಿ ಜೇಮ್ಸ್ ಮರ್ರೆ ಈ ವಿವಾದವನ್ನು ನಿರ್ವಹಿಸಿದ ಬಗೆ ನಮಗೆ ಮಾದರಿಯಾಗಿ ಕಾಣುತ್ತದೆ. ತನ್ನ ಕಾಲದಲ್ಲಿ ಹೆಚ್ಚು ರೂಢಿಯಲ್ಲಿರುವುದು 'ಫ್ರಮ್' ಎಂದು ಹೇಳಿ, 'ಟು' ಎಲ್ಲ ಕಾಲದ ಲೇಖಕರಲ್ಲೂ ಉಂಟು, ಆದರೆ ಅನೇಕರು ಅದನ್ನು ತಪ್ಪೆಂದು ಬಗೆಯುತ್ತಾರೆ ಎಂದು ಸೇರಿಸಿ, 'ದ್ಯಾನ್' ಬಳಸಿದವರ ಹೆಸರುಗಳನ್ನು ಸಾಲಾಗಿ ಕೊಟ್ಟ: ಆಡಿಸನ್, ಸ್ಟೀಲ್, ಡೀಫೋ, ರಿಚರ್ಡ್‌ಸನ್, ಗೋಲ್ಡ್‌ಸ್ಮಿತ್, ಕೋಲ್‌ರಿಜ್, ಕಾರ್ಲೈಲ್, ಥ್ಯಾಕರೆ, ನ್ಯೂಮನ್ ಮತ್ತಿತರರು. ತೀರ್ಪಿಲ್ಲ, ಸಾಕ್ಷಿಗಳು ಮಾತ್ರ. ಈ ರೂಪಗಳು ಹುಟ್ಟಿದ ಬಗೆಯನ್ನೂ ಅವನು ಅಲ್ಲಿಯೇ ಸೂಚಿಸಿದ್ದಾನೆ: 'ಟು' ಬಂದದ್ದು 'ಅನ್‌ಲೈಕ್', 'ಡಿಸ್ಸಿಮಿಲರ್' ಎಂಬವುಗಳ ಸಾದೃಶ್ಯದಿಂದ, 'ದ್ಯಾನ್' ಬಂದದ್ದು 'ಅದರ್ ದ್ಯಾನ್' ಎಂಬುದರ ಸಾದೃಶ್ಯದಿಂದ. ಮುಂದೆ 'ಟು' ಬಹುಮಟ್ಟಿಗೆ ಬ್ರಿಟನ್ನಿನ, 'ದ್ಯಾನ್' ಬಹುಮಟ್ಟಿಗೆ ಅಮೆರಿಕದ ಒಲವಾಯಿತು. ಹಿಂದೆ ಪೂರ್ಣ ಉಪವಾಕ್ಯ ಬರುವಲ್ಲಿ 'ದ್ಯಾನ್' ತರುವ ಮಿತವ್ಯಯವನ್ನು 'ಫ್ರಮ್' ತರಲಾರದು. 'ಫ್ರಮ್ ವಾಟ್' ಎಂಬ ಊರುಗೋಲು ಬೇಕಾಗುತ್ತದೆ.

ಸಾದೃಶ್ಯವೆಂಬ ಈ ಪ್ರಕ್ರಿಯೆ ಇಂದಿಗೂ ನಿಂತಿಲ್ಲ. 'ಆನ್ ಪರ್ಪಸ್' ಎಂಬುದರ ಎಳೆ ಹಿಡಿದು ಅಮೆರಿಕದ ಎಳೆಯರು 'ಬೈ ಆಕ್ಸಿಡೆಂಟ್' ಬದಲು 'ಆನ್ ಆಕ್ಸಿಡೆಂಟ್' ಎನ್ನುತ್ತಿದ್ದಾರೆ. 'ಬೋರ್ಡ್ ವಿತ್' ಪಕ್ಕದಲ್ಲಿ 'ಟೈರ್ಡ್ ಆಫ್' ಮಾದರಿಯ 'ಬೋರ್ಡ್ ಆಫ್' ಬಂದು ಕುಳಿತಿದೆ. 'ಅಬ್ಲಿವಿಯಸ್' ಮೊದಲು 'ಮರೆತ' ಎಂಬ ಅರ್ಥದಲ್ಲಿ 'ಆಫ್' ಹಿಡಿದಿತ್ತು. 'ಗಮನಿಸದ' ಎಂಬ ಅರ್ಥ ಬಂದಾಗ 'ಟು' ಕೂಡ ಬಂತು. ಅರ್ಥ ಸರಿದಾಡಿದರೆ ಪೂರ್ವಸರ್ಗವೂ ಸರಿದಾಡುತ್ತದೆ.

ಕನ್ನಡದ ಓದುಗರಿಗೆ ಇದು ಹೊಸ ಸಂಗತಿಯಲ್ಲ. 13ನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಿಂದ ಇಂದಿನ ಶಾಲಾ ವ್ಯಾಕರಣದವರೆಗೆ 'ವಿಭಕ್ತಿ ಪಲ್ಲಟ' ಎಂಬ ವಿಚಾರ ನಮ್ಮಲ್ಲಿ ನಡೆದುಬಂದಿದೆ. 'ಬಂಡಿಯಿಂದ ಇಳಿದನು' ಎನ್ನಬೇಕಾದಲ್ಲಿ 'ಬಂಡಿಯನ್ನು ಇಳಿದನು' ಎಂಬ ಪ್ರಯೋಗವಿದ್ದರೆ ನಮ್ಮ ವೈಯಾಕರಣ ಅದನ್ನು ತಪ್ಪೆನ್ನದೆ ಪಲ್ಲಟವೆಂದು ಹೆಸರಿಟ್ಟು ಒಳಗೆ ಕರೆದುಕೊಂಡ. ಹಾಗೆಂದು ನಮ್ಮ ಪರಂಪರೆ ಪರಭಾಷೆಯ ಅಳತೆಗೋಲಿನಿಂದ ಪೂರ್ತಿ ಮುಕ್ತವಾಗಿತ್ತೆಂದು ಹೇಳಲಾಗದು. ಭಯದ ಕಾರಣಕ್ಕೆ ಪಾಣಿನಿ ಪಂಚಮಿಯನ್ನು ವಿಧಿಸುತ್ತಾನೆ. ಕನ್ನಡಿಗ ಹುಲಿಗೆ ಹೆದರುತ್ತಾನೆ, ಹುಲಿಯಿಂದ ಅಲ್ಲ. ಶಾಲಾ ವ್ಯಾಕರಣಗಳು ತೃತೀಯೆಯ 'ಇಂದ'ಕ್ಕಿಂತ ಬೇರೆಯಾದ ಪಂಚಮಿಯೊಂದು ಬೇಕೆಂದು 'ದೆಸೆಯಿಂದ' ಎಂಬುದನ್ನು ತಂದಿರಿಸಿದ್ದು ಏಳು ವಿಭಕ್ತಿಗಳ ಸಂಸ್ಕೃತದ ಅಚ್ಚನ್ನು ತುಂಬಲಿಕ್ಕಾಗಿ. ಕನ್ನಡ ವ್ಯಾಕರಣವನ್ನು ಆ ಅಚ್ಚಿನಿಂದ ಬಿಡಿಸಬೇಕೆಂದು ಡಿ. ಎನ್. ಶಂಕರ ಭಟ್ಟರು ದೀರ್ಘಕಾಲ ವಾದಿಸಿದ್ದನ್ನು ಈ ಪತ್ರಿಕೆಯ ಓದುಗರಿಗೆ ನೆನಪಿಸಬೇಕಾಗಿಲ್ಲ. ಲೌತ್‌ನ 'ಫ್ರಮ್' ಮತ್ತು ನಮ್ಮ 'ದೆಸೆಯಿಂದ' ಒಂದೇ ಮನೋಧರ್ಮದ ಫಲಗಳು.

'ಅವರ್ಸ್' ಎಂಬುದಕ್ಕೆ ನಮ್ಮಲ್ಲಿ ತದ್ವತ್ತಾದ ಪದವೇ ಇದೆ: 'ವಿಮುಖ'. ಅದರ ಅವಯವಾರ್ಥವೂ ಮುಖ ತಿರುಗಿಸಿಕೊಂಡದ್ದೇ. 'ಕರ್ತವ್ಯದಿಂದ ವಿಮುಖ', 'ಕರ್ತವ್ಯಕ್ಕೆ ವಿಮುಖ' ಎರಡೂ ಬರಹದಲ್ಲಿ ಕಾಣುತ್ತವೆ. ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ. ಇನ್ನು 'ಡಿಫರೆಂಟ್' ಎಂಬುದರ ಅರ್ಥದಲ್ಲಿ ನಾವು 'ಅದರಿಂದ ಭಿನ್ನ' ಎಂದೂ 'ಅದಕ್ಕಿಂತ ಭಿನ್ನ' ಎಂದೂ ಬರೆಯುತ್ತೇವೆ. ಒಂದು 'ಫ್ರಮ್', ಇನ್ನೊಂದು 'ದ್ಯಾನ್'. ಇಂಗ್ಲಿಷಿನಲ್ಲಿ 250 ವರ್ಷಗಳ ಕಾಲ ಶಾಯಿ ಹರಿಸಿದ ವ್ಯಾಜ್ಯ ಕನ್ನಡದಲ್ಲಿ ದಾಖಲೇ ಆಗಲಿಲ್ಲ.

ಆ ವ್ಯಾಜ್ಯದ ತೀರ್ಪುಗಳು ನಮ್ಮ ನಾಡಿಗೆ ಬಂದ ದಾರಿ ಸ್ಪಷ್ಟವಾಗಿದೆ. ಲೌತ್‌ನ ವ್ಯಾಕರಣದಿಂದ ಧಾರಾಳವಾಗಿ ಎತ್ತಿಕೊಂಡು ಲಿಂಡ್ಲೆ ಮರ್ರೆ 1795ರಲ್ಲಿ ಯಾರ್ಕ್ ನಗರದಲ್ಲಿ ಪ್ರಕಟಿಸಿದ ಶಾಲಾ ವ್ಯಾಕರಣ ಇಂಗ್ಲಿಷ್ ಕಲಿಸುವೆಡೆಯಲ್ಲೆಲ್ಲ ಹಬ್ಬಿತು. 1890ರ ದಶಕದಲ್ಲಿ, ವಾಯವ್ಯ ಪ್ರಾಂತ್ಯ ಮತ್ತು ಔಧ್‌ನ ಶಿಕ್ಷಣ ಇಲಾಖೆಯಲ್ಲಿದ್ದ ಜೆ. ಸಿ. ನೆಸ್‌ಫೀಲ್ಡ್ ಭಾರತೀಯ ಶಾಲೆಗಳಿಗಾಗಿಯೇ ವ್ಯಾಕರಣಮಾಲೆಯೊಂದನ್ನು ರಚಿಸಿದ. 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಬಂದರು. ಯಾವ ಪದಕ್ಕೆ ಯಾವ ಪೂರ್ವಸರ್ಗ ಎಂಬ ಅಕಾರಾದಿ ಪಟ್ಟಿಯನ್ನು ಉರುಹೊಡೆಯದ ಪ್ರೌಢಶಾಲಾ ವಿದ್ಯಾರ್ಥಿ ನಮ್ಮ ತಲೆಮಾರಿನಲ್ಲಿ ಇರಲಿಲ್ಲ. ಈ ಪಟ್ಟಿಗಳನ್ನು ಹಳಿಯುವುದು ಈಗ ರೂಢಿಯಾಗಿದೆ. ನಮಗೆ ಹಾಗನಿಸುವುದಿಲ್ಲ. ಕಾರಣ ಹೇಳದೆ ಬಳಕೆಯನ್ನಷ್ಟೇ ಪಟ್ಟಿಮಾಡುವುದು, ಇಲ್ಲದ ಕಾರಣವನ್ನು ಕಟ್ಟಿ ಹೇಳುವುದಕ್ಕಿಂತ ಪ್ರಾಮಾಣಿಕವಾದ ಕೆಲಸ. ಪಟ್ಟಿಯ ದೋಷವಿರುವುದು ಅದು ಬಳಕೆಯ ಒಂದು ಕ್ಷಣವನ್ನು ಹಿಡಿದು ಸದಾಕಾಲಕ್ಕೂ ಸಲ್ಲುವಂತೆ ನಿಲ್ಲಿಸುವುದರಲ್ಲಿ.

ಇದಕ್ಕೆ ಸಮಾಂತರವಾಗಿ ಇನ್ನೊಂದು ಪ್ರಕಾರದ ಪುಸ್ತಕ ಬೆಳೆಯಿತು. ಮುಂಬಯಿ ಆಡಳಿತ ಸೇವೆಯಲ್ಲಿದ್ದ ಜಾರ್ಜ್ ಕ್ಲಿಫರ್ಡ್ ವಿಟ್‌ವರ್ತ್ 1907ರಲ್ಲಿ ಇಂಗ್ಲೆಂಡಿನ ಲೆಚ್‌ವರ್ತ್‌ನಿಂದ 'ಇಂಡಿಯನ್ ಇಂಗ್ಲಿಷ್' ಎಂಬ ಪುಸ್ತಕ ತಂದ. ಇಂಗ್ಲಿಷ್ ಬರೆಯುವ ಭಾರತೀಯರ ನುಡಿಗಟ್ಟಿನ ತಪ್ಪುಗಳ ಪರಿಶೀಲನೆ ಅದು. ಅಂದಿನ ಮುಂಬಯಿ ಪ್ರಾಂತ್ಯದಲ್ಲಿ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳೂ ಇದ್ದವೆಂಬುದನ್ನು ನೆನೆದರೆ ಆ ತಪ್ಪುಗಳಲ್ಲಿ ಕೆಲವು ನಮ್ಮ ಹಿರಿಯರವೂ ಆಗಿರಬಹುದು.

ಭಾರತೀಯ ತಪ್ಪೆಂದು ಹೆಸರಾದ 'ಡಿಸ್ಕಸ್ ಅಬೌಟ್' ಎಂಬುದನ್ನೇ ತೆಗೆದುಕೊಳ್ಳೋಣ. 'ಅದರ ಬಗ್ಗೆ ಚರ್ಚಿಸು' ಎಂಬ ಕನ್ನಡದ ನೆರಳು ಅದರ ಮೇಲೆ ಬಿದ್ದಿದೆ ಎಂಬುದು ಸಾಮಾನ್ಯ ವಿವರಣೆ. ಆದರೆ ಕನ್ನಡದಲ್ಲಿ 'ಅದನ್ನು ಚರ್ಚಿಸು' ಎಂಬುದೂ ಇದೆ. ಕನ್ನಡದ ಗಂಧವಿಲ್ಲದ ಆಫ್ರಿಕದ ಹಾಗೂ ಪೂರ್ವ ಏಷ್ಯದ ಇಂಗ್ಲಿಷ್‌ಗಳಲ್ಲಿಯೂ 'ಡಿಸ್ಕಸ್ ಅಬೌಟ್' ಇದೆ. ಇಂಗ್ಲಿಷಿನದೇ 'ಟಾಕ್ ಅಬೌಟ್', 'ಸ್ಪೀಕ್ ಅಬೌಟ್', 'ಡಿಸ್ಕಶನ್ ಅಬೌಟ್' ಎಂಬವುಗಳ ಸಾದೃಶ್ಯ ಇಲ್ಲಿ ಕೆಲಸ ಮಾಡಿದೆ ಎನ್ನುವುದು ಹೆಚ್ಚು ಸಂಗತ. 'ಡಿಫರೆಂಟ್ ದ್ಯಾನ್' ಎಂಬುದನ್ನು ಹುಟ್ಟಿಸಿದ್ದೂ ಇಂಥದೇ ಪ್ರಕ್ರಿಯೆ. ಸಕರ್ಮಕ ಕ್ರಿಯಾಪದಕ್ಕೆ ಪೂರ್ವಸರ್ಗ ಅಂಟುವುದೂ ಬಿಡುವುದೂ ಇಂಗ್ಲಿಷಿನಲ್ಲಿ ಹೊಸತಲ್ಲ. 1611ರ ಬೈಬಲ್ ಅನುವಾದದಲ್ಲಿ 'ಒಬೇ' ಕ್ರಿಯಾಪದ 'ಟು' ಹಿಡಿದು ಬಂದದ್ದುಂಟು. 18ನೆಯ ಶತಮಾನದ ಶಿಷ್ಟ ಪತ್ರಗಳಲ್ಲಿ 'ಆಕ್ಸೆಪ್ಟ್ ಆಫ್' ಸಹಜವಾಗಿತ್ತು. ಪ್ರಕ್ರಿಯೆ ಒಂದೇ. ಆಡಿಸನ್ ಮಾಡಿದರೆ ಅದು ನಿಘಂಟಿಗೆ ಸಾಕ್ಷ್ಯವಾಗುತ್ತದೆ, ಹಾವೇರಿಯ ಸಂಶೋಧನಾ ವಿದ್ಯಾರ್ಥಿನಿ ಮಾಡಿದರೆ ದೋಷಪಟ್ಟಿಗೆ ಸೇರುತ್ತದೆ.

ಈ ಉದಾಹರಣೆ ಕಲ್ಪಿತವಲ್ಲ. ನಾವು ಹಲವು ವರ್ಷ ಪ್ರೌಢಪ್ರಬಂಧಗಳ ಅಂಚಿನಲ್ಲಿ 'ಡಿಫರೆಂಟ್ ದ್ಯಾನ್' ಕಂಡಲ್ಲೆಲ್ಲ ಕೆಂಪು ಗೆರೆ ಎಳೆದು 'ವ್ಯುತ್ಪತ್ತಿ ಗಮನಿಸಿ' ಎಂದು ಬರೆದಿದ್ದೇವೆ. 'ಹಾಗಾದರೆ ಡಿಸ್ಸಿಮಿಲರ್ ಟು ಹೇಗೆ ಸರಿ ಸರ್?' ಎಂದು ಕೇಳಿದವಳು ಆ ವಿದ್ಯಾರ್ಥಿನಿಯೇ. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಕನ್ನಡದ ಚತುರ್ಥಿ ವಿಭಕ್ತಿಯ ಕರ್ತೃಗಳ ಕುರಿತು ಅವಳು ಇಂಗ್ಲಿಷಿನಲ್ಲಿ ಬರೆದ ಪ್ರಬಂಧ ಹೊರಗಿನ ಮೌಲ್ಯಮಾಪಕರೊಬ್ಬರಿಂದ ಹಿಂತಿರುಗಿದಾಗ ವರದಿಯ ಮೊದಲ ಪುಟವೆಲ್ಲ ಪೂರ್ವಸರ್ಗಗಳಿಗೆ ಮೀಸಲಾಗಿತ್ತು. 'ನನಗೆ ಹಸಿವು' ಎಂಬಂಥ ರಚನೆಗಳನ್ನು ಅವಳು ವಿವರಿಸಿದ ಹೊಸ ಬಗೆಯ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಎಲ್ಲವೂ ಸಲ್ಲುತ್ತದೆ ಎಂದು ನಾವು ಹೇಳುತ್ತಿಲ್ಲ. ಬರಹದ ಇಂಗ್ಲಿಷಿಗೆ ಇಂದು ರೂಢಿಗಳಿವೆ, ವಿದ್ಯಾರ್ಥಿಗಳಿಗೆ ಅವು ತಿಳಿದಿರಬೇಕು. ಆದರೆ ತಿದ್ದುವವರು ತಾವು ಯಾವ ಆಧಾರದ ಮೇಲೆ ತಿದ್ದುತ್ತಿದ್ದೇವೆಂಬುದನ್ನು ಹೇಳಬೇಕು. 'ಇಂತಹ ಪ್ರಕಟಣೆಗಳಲ್ಲಿ ಇದು ರೂಢಿಯಲ್ಲಿಲ್ಲ' ಎಂಬುದು ಆಧಾರ, 'ಇದು ತರ್ಕಬದ್ಧವಲ್ಲ' ಎಂಬುದು ಆಧಾರವಲ್ಲ. ರೂಢಿ ಯಾವುದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಬೆಳಗಾವಿಯ ನೆರೆಯ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್. ವಿ. ಶಾಸ್ತ್ರಿಯವರ ನೇತೃತ್ವದಲ್ಲಿ ಸಿದ್ಧವಾದ ಭಾರತೀಯ ಇಂಗ್ಲಿಷಿನ ಪಠ್ಯಕೋಶವಿದೆ: 1978ರಲ್ಲಿ ಅಚ್ಚಾದ ಬರಹಗಳಿಂದ ಆಯ್ದ, ತಲಾ ಸುಮಾರು 2000 ಪದಗಳ 500 ಪಠ್ಯಭಾಗಗಳು, ಒಟ್ಟು ಹತ್ತು ಲಕ್ಷ ಪದಗಳು. ಅಮೆರಿಕದ ಮತ್ತು ಬ್ರಿಟನ್ನಿನ ಸಮಾನ ಪಠ್ಯಕೋಶಗಳ ಮಾದರಿಯಲ್ಲಿಯೇ ಅದನ್ನು ರೂಪಿಸಿರುವುದರಿಂದ ಪದಕ್ಕೆ ಪದ ಹೋಲಿಸಿ ನೋಡಬಹುದು. ಪೂರ್ವಸರ್ಗಗಳ ಬಗ್ಗೆ ಅಂಚಿನಲ್ಲಿ ಬರೆಯುವ ಮುನ್ನ ಅದನ್ನು ತೆರೆದು ನೋಡುವ ಅಭ್ಯಾಸ ನಮಗೆ ಬಂದದ್ದು ತೀರ ಈಚೆಗೆ.

ಆ ವಿದ್ಯಾರ್ಥಿನಿಯ ಪ್ರಬಂಧ ಈಗ ಪುಸ್ತಕವಾಗಿ ಬರುತ್ತಿದೆ. ಕರಡಚ್ಚನ್ನು ನಾವು ಓದಿದ್ದೇವೆ. 'ಡಿಫರೆಂಟ್ ದ್ಯಾನ್' ಮೂರು ಕಡೆ ಹಾಗೆಯೇ ಇದೆ. 'ಡಿಸ್ಕಸ್' ಪಕ್ಕದ 'ಅಬೌಟ್' ಮಾತ್ರ ಎಲ್ಲಿಯೂ ಇಲ್ಲ; ನಾವು ತೆಗೆದದ್ದಲ್ಲ, ಅವಳೇ ತೆಗೆದಿದ್ದಾಳೆ. ಏಕೆಂದು ಕೇಳಿದಾಗ, 'ಅದು ಕಂಡರೆ ಅವರು ಮುಂದಿನ ಪುಟ ಓದುವುದಿಲ್ಲ ಸರ್' ಎಂದಳು.